ನಮ್ ಟೀಮಿನ ಬೇಲಿ

ಭಾನುವಾರ ಬೆಳಿಗ್ಗೆ ಹಿತ್ಲಲ್ಲಿ ಬಟ್ಟೆ ಹರವ್ತಾ ಇದ್ದೆ. ಪಕ್ಕದ ಮನೆ ಅಕ್ಕ ಕಾಂಪೌಂಡ್ ಮೇಲಿಂದ ಬಗ್ಗಿ, "ಅಲ್ಲ ಕಣೇ, ರಾತ್ರಿ ಹತ್ತು ಗಂಟೇಲಿ ಯಾರನ್ನ ಹಂಗೆ ಬೈತಾ ಇದ್ದೆ? ಮಗನ್ನೋ, ಅವರಪ್ಪನ್ನೋ?" ಅಂದ್ರು. "ಇಬ್ರನ್ನೂ ಅಲ್ಲ ಕಣಕ್ಕ, ಬೆಂಗಳೂರು ಎಫ್‌ಸಿ ಡಿಫೆನ್ಸನ್ನ" ಅಂದೆ. ಅವ್ರಿಗೆ ಏನೂ ತಿಳೀಲಿಲ್ಲ. ಅದ್ಕೇ ಇಲ್ಲಿ ಬರೀತಾ ಇದೀನಿ, ಎಲ್ರಿಗೂ ಒಂದೇ ಸಲ ಹೇಳ್ದಂಗಾಯ್ತದೆ.

ನಮ್ ನೆಲಮಂಗಲದ ಕಡೆ ಹುಡುಗ್ರು ಅಂದ್ರೆ ಕ್ರಿಕೆಟ್ಟು, ಇಲ್ಲಾಂದ್ರೆ ಕಬಡ್ಡಿ. ನಮ್ಮನೇಲಿ ಮಾತ್ರ ಫುಟ್ಬಾಲು. ಮಗ ಟೀವಿ ಮುಂದೆ ಕೂತ್ರೆ ನಾನೂ ಸೊಪ್ಪು ಬಿಡಿಸ್ಕೊಂಡು ಕೂತ್ಕೋತಿದ್ದೆ. ಹಂಗೇ ಹುಚ್ಚು ಹತ್ತಿದ್ದು. ಈ ಟೀಮು ಹುಟ್ಟಿದ್ದು 2013ರಲ್ಲಿ. ಮೊದಲನೇ ವರ್ಷವೇ ಐ-ಲೀಗ್ ಗೆದ್ರು, 2016ರಲ್ಲಿ ಮತ್ತೆ ಗೆದ್ರು. ಸುನಿಲ್ ಛೆಟ್ರಿ ಅಂದ್ರೆ ನಮ್ಮನೇಲಿ ದೇವರ ಪಟದ ಪಕ್ಕ ಇಡೋದೊಂದು ಬಾಕಿ.

ಆದ್ರೆ ಹೊಡೆಯೋರು ಎಷ್ಟೇ ಹೊಡೀಲಿ, ಹಿಂದೆ ಕಾಯೋರು ಬಿಟ್ಕೊಟ್ರೆ ಏನು ಬಂತು? 2018ರ ಮಾರ್ಚಲ್ಲಿ ಐಎಸ್‌ಎಲ್ ಫೈನಲ್ಲು ನಮ್ಮ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಗೆದ್ದೇ ಬಿಟ್ವಿ ಅಂದ್ಕೊಂಡ್ವಿ. ಆಮೇಲೆ ಚೆನ್ನೈಯವರಿಗೆ ಕಾರ್ನರ್ ಸಿಕ್ತು, ಮೈಲ್ಸನ್ ಅನ್ನೋನು ತಲೇಲಿ ಹೊಡೆದ. ಇನ್ನೊಂದು ಕಾರ್ನರ್ ಸಿಕ್ತು, ಅವನೇ ಮತ್ತೆ ತಲೇಲಿ ಹೊಡೆದ! ಒಂದೇ ಬೆಕ್ಕು ಒಂದೇ ಕಿಟಕೀಲಿ ಎರಡು ಸಲ ಬಂದು ಹಾಲು ಕುಡ್ದಂಗೆ. ಕೊನೆಗೆ 3-2ಕ್ಕೆ ಸೋತ್ವಿ.

ಅದನ್ನ ಮರೆಯೋಣ ಅಂದ್ರೆ 2023-24ರ ಸೀಸನ್ ಬಂತು. ಹನ್ನೆರಡು ಟೀಮಲ್ಲಿ ಹತ್ತನೇದು! ಡಿಸೆಂಬರಲ್ಲಿ ಮುಂಬೈಯವರು ಕಂಠೀರವಕ್ಕೇ ಬಂದು ನಾಲ್ಕು ಹಾಕಿ ಹೋದ್ರು. ಕೊನೇ ಮ್ಯಾಚು ಮೋಹನ್ ಬಾಗಾನ್ ಮೇಲೆ, 2024ರ ಏಪ್ರಿಲ್ 11, ಹೊಸತೊಡಕಿನ ಮಾರನೇ ದಿನ. ಮಗಂಗೆ ಮಾತು ಕೊಟ್ಟಿದ್ದೆ, ಕರ್ಕೊಂಡು ಹೋದೆ. ಮಿಕ್ಕಿದ್ದ ಬಾಡಿನ ಸಾರು ಬಿಸಿ ಮಾಡಿ ಅತ್ತೆಗೆ ಬಡಿಸಿಟ್ಟು, ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕಲ್ಲಿ ಇಳಿದ್ವಿ. ಇಷ್ಟೆಲ್ಲ ಪಾಡು ಪಟ್ಟು ನೋಡಿದ್ದೇನು? ಮತ್ತೆ ನಾಲ್ಕು-ಸೊನ್ನೆ. ಅದ್ರಲ್ಲಿ ಮೂರು ಗೋಲು ಬ್ರೇಕ್ ಆದ್ಮೇಲೆ ಹದಿನೈದೇ ನಿಮಿಷದ ಒಳಗೆ.

ನಾನು ಸುಮ್ನಿರ್ಲಿಲ್ಲ. "ಇವ್ರ ಕಾಲಲ್ಲಿ ಜೀವ ಐತೋ ಇಲ್ವೋ? ದುಡ್ಡು ತಗೊಂಡು ನಿಂತ್ಕೊಂಡು ನೋಡ್ತಾವ್ರಲ್ಲ! ಬೆದರುಬೊಂಬೆ ನಿಲ್ಸಿದ್ರೂ ಇದಕ್ಕಿಂತ ವಾಸಿ" ಅಂತ ಅಕ್ಕಪಕ್ಕದೋರು ತಿರುಗಿ ನೋಡೋಂಗೆ ಬೈದೆ. ಮೆಟ್ರೋದಲ್ಲೂ ಬೈದೆ. ಮಗ ಮಾತ್ರ ಒಂದೂ ಮಾತಾಡ್ಲಿಲ್ಲ. ಸೋತಿದ್ದಕ್ಕೆ ಬೇಜಾರು ಅಂದ್ಕೊಂಡೆ. ನಾಗಸಂದ್ರದಲ್ಲಿ ಅವರಪ್ಪ ಗಾಡಿ ತಂದು ಕಾಯ್ತಾ ಇದ್ರು. ಹತ್ತೋಕೆ ಮುಂಚೆ ಹುಡುಗ ಮೆಲ್ಲಗೆ ಕೇಳ್ದ: "ಅಮ್ಮ, ನನ್ನೂ ಹಿಂಗೇ ಬೈದಿರ್ತಾರೆ ಅಲ್ವಾ?"

ಆಗ ಎದೆ ಧಸಕ್ಕಂತು. ನಮ್ಮ ಹುಡುಗ ಸ್ಕೂಲ್ ಟೀಮಲ್ಲಿ ಆಡೋದೂ ಡಿಫೆನ್ಸೇ. ಜನವರೀಲಿ ಒಂದು ಮ್ಯಾಚಲ್ಲಿ ಇವನ ಕಡೆಯಿಂದ ಎರಡು ಗೋಲು ಹೋಗಿ ಸೋತಿದ್ರು. ಅವತ್ತು ನೋಡೋಕೆ ಬಂದಿದ್ದ ಅಪ್ಪ-ಅಮ್ಮಂದಿರು ಕೂಗಾಡಿದ್ದನ್ನ ಇವನು ನಮ್ಗೆ ಹೇಳೇ ಇರ್ಲಿಲ್ಲ. ಅವತ್ತಿಂದ ಬೂಟು ಅಟ್ಟದ ಮೇಲೆ ಇತ್ತು. ಪರೀಕ್ಷೆಗೆ ಓದ್ಕೋತಾವ್ನೆ ಅಂತ ನಾನು ಖುಷಿಯಾಗಿದ್ದೆ ನೋಡಿ! ಎಂಥ ತಾಯಿ ನಾನು.

ಮಾರನೇ ದಿನ ಜಗಲೀಲಿ ನಾನೂ ಅತ್ತೇನೂ ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಾ ಕೂತಿದ್ವಿ. ಇವನೂ ಬಂದು ಕೂತ. "ಹೆಂಗೋ ಅದು, ನಾಲ್ಕು ಜನ ನಿಂತಿದ್ರೂ ಹೆಂಗೆ ನುಗ್ತಾರೆ?" ಅಂದೆ. ಹುಣಸೆ ಬೀಜ ಸಾಲಾಗಿ ಜೋಡಿಸಿ ತೋರಿಸ್ದ. ನಾಲ್ಕೂ ಜನ ಒಂದೇ ಸಾಲಲ್ಲಿ ಮುಂದೆ ಬರ್ಬೇಕು, ಒಂದೇ ಸಾಲಲ್ಲಿ ಹಿಂದೆ ಹೋಗ್ಬೇಕು. ಮೂರು ಜನ ಮುಂದೆ ಬಂದು ಒಬ್ಬ ಹಿಂದೆ ಉಳುದ್ರೆ ಎದುರಾಳಿಗೆ ಆಫ್‌ಸೈಡ್ ಆಗಲ್ಲ, ಸಲೀಸಾಗಿ ನುಗ್ತಾನೆ. ಮಧ್ಯದಲ್ಲಿ ಆಡೋರು ಚೆಂಡು ಕಳ್ಕೊಂಡು ಓಡಿ ಬರ್ದೇ ಹೋದ್ರೂ ಬೈಗಳ ತಿನ್ನೋದು ಹಿಂದಿರೋನೇ. "ಕೊನೇಲಿ ಚೆಂಡಿನ ಹತ್ರ ಇದ್ದೋನೇ ಕಳ್ಳ ಅಂತಾರೆ ಅಮ್ಮ. ಹತ್ತು ಸಲ ತಡೆದಿದ್ದು ಯಾರೂ ಬರ್ಕೊಳಲ್ಲ" ಅಂದ.

ಅತ್ತೆ ಬೀಜ ಬಿಡಿಸ್ತಾ ಬಿಡಿಸ್ತಾನೇ, "ಹೊಲಕ್ಕೆ ದನ ನುಗ್ಗಿದ ದಿನ ತಾನೇ ಬೇಲಿ ನೆನಪಾಗೋದು. ನುಗ್ದೇ ಇದ್ದ ದಿನ ಯಾರು ಬೇಲಿಗೆ ಕೈ ಮುಗುದ್ರು?" ಅಂದ್ರು. ನಾವೆಲ್ಲ ಮನೇಲಿ ಮಾಡೋದೂ ಅದೇ ಅಲ್ವಾ? ವರ್ಷವೆಲ್ಲ ಹಾಲು ಉಕ್ಕದಂಗೆ ಕಾಯ್ತೀವಿ, ಅದನ್ನ ಯಾರೂ ಕೇಳಲ್ಲ. ಒಂದಿನ ಉಕ್ಕುದ್ರೆ "ಕಣ್ಣು ಎಲ್ಲಿತ್ತು ನಿಂಗೆ" ಅಂತಾರೆ.

ಅವತ್ತು ರಾತ್ರಿ ಮಗಂಗೆ 2019ರ ಫೈನಲ್ಲು ಜ್ಞಾಪಿಸ್ದೆ. ಗೋವಾ ಮೇಲೆ, ಮುಂಬೈಯಲ್ಲಿ. 117ನೇ ನಿಮಿಷದವರೆಗೂ ಗೋಲೇ ಇಲ್ಲ. ಆಮೇಲೆ ಒಂದು ಕಾರ್ನರ್, ರಾಹುಲ್ ಭೇಕೆ ತಲೇಲಿ ಹೊಡೆದ, ಕಪ್ಪು ನಮ್ದಾಯ್ತು. ಆ ಭೇಕೆ ಯಾರು? ಡಿಫೆಂಡರ್ರು! ಅದಕ್ಕಿಂತ ದೊಡ್ಡದು, ಅಷ್ಟು ಹೊತ್ತೂ ಗೋವಾದವರಿಗೆ ಒಂದೂ ಬಿಟ್ಕೊಡ್ದೇ ಕಾದಿದ್ದು. ನಾನು ಅದನ್ನ ಒಂದಿನಾನೂ ಹೇಳಿರ್ಲಿಲ್ಲ. ಹುಡುಗ ಏನೂ ಅನ್ಲಿಲ್ಲ. ಜೂನಲ್ಲಿ ಸ್ಕೂಲು ಶುರುವಾದಾಗ ಅಟ್ಟದಿಂದ ಬೂಟು ಇಳಿಸ್ದ. ಕಾಲು ಬೆಳೆದು ಸಾಲ್ತಿರ್ಲಿಲ್ಲ, ಹೊಸದು ತಂದ್ವಿ.

2024-25ರ ಸೀಸನ್ನಲ್ಲಿ ಟೀಮೂ ಎದ್ದು ನಿಂತು. ಯುಗಾದಿ ಹಿಂದಿನ ದಿನ ಅದೇ ಮುಂಬೈಗೆ ಅದೇ ಕಂಠೀರವದಲ್ಲಿ ಐದು-ಸೊನ್ನೆ! ಒಬ್ಬಟ್ಟಿನ ಹೂರಣ ರುಬ್ತಾ ರುಬ್ತಾ ಕುಣಿದೆ. 2025ರ ಏಪ್ರಿಲ್ 12ರ ಶನಿವಾರ ಕೋಲ್ಕತ್ತಾದಲ್ಲಿ ಫೈನಲ್ಲು, ಮತ್ತೆ ಮೋಹನ್ ಬಾಗಾನ್. ಅವರ ಡಿಫೆಂಡರೇ ಅವರ ಗೋಲಿಗೆ ಚೆಂಡು ಹಾಕ್ಕೊಂಡ, ಬೇಲೀನೇ ಎದ್ದು ಹೊಲ ಮೇಯ್ದಂಗೆ. ನಾವು ಮುಂದಾದ್ವಿ. ಆಮೇಲೆ ನಮ್ಮೋನೊಬ್ಬನ ಕೈಗೆ ಚೆಂಡು ತಾಗಿ ಪೆನಾಲ್ಟಿ ಆಯ್ತು. ಎಕ್ಸ್‌ಟ್ರಾ ಟೈಮಲ್ಲಿ ಇನ್ನೊಂದು ಬಿಟ್ರು. 2-1.

ಬೈದೆ ಕಣ್ರಮ್ಮ, ಸುಳ್ಳು ಯಾಕೆ ಹೇಳ್ಲಿ. ಇಷ್ಟೆಲ್ಲ ತಿಳ್ಕೊಂಡ ಮೇಲೂ ಬಾಯಿ ಕೇಳ್ಬೇಕಲ್ಲ. ಆ ಕೂಗೇ ಪಕ್ಕದ ಮನೆ ಅಕ್ಕನಿಗೆ ಕೇಳ್ಸಿದ್ದು. ಮಗ ನನ್ನ ಕಡೆ ತಿರುಗಿ, "ಅಮ್ಮ, ಆ ಚೆಂಡು ಕಳ್ಕೊಂಡಿದ್ದು ಯಾರು ಅಂತ ಮೊದಲು ನೋಡು" ಅಂದ. ರೀಪ್ಲೇ ಬರೋವರೆಗೂ ಬಾಯಿ ಮುಚ್ಕೊಂಡು ಕೂತೆ.