ಆಂಪ್ಲಿಫೈಯರ್ ಸುಟ್ಟಿರಲಿಲ್ಲ

"ಸುಟ್ಟೈತ್ರಿ, ಹೊಸಾದ್ ಹಾಕ್ರಿ" ಅಂದ ವಿಜಯಪುರದ ಅಂಗಡಿಯವ. ನನಗೆ ನಂಬಿಕೆ ಬರಲಿಲ್ಲ. ಬಬಲೇಶ್ವರದ ಹೊಲಕ್ಕೆ ಹೋಗುವಾಗ ತಗ್ಗು ಬಂದಾಗಷ್ಟೇ ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಗಿ ಸೌಂಡ್ ಬಂದ್ ಆಗುತ್ತಿತ್ತು. ಸುಟ್ಟದ್ದು ತಗ್ಗು ನೋಡಿ ಕೆಡುತ್ತದೆಯೇ?

ಅಪ್ಪನಿಗೆ ಈಗ ಕಿವಿ ಮಂದ. ಕಾರಿನಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಲೆಂದೇ ಅದನ್ನು ಹಾಕಿಸಿದ್ದು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಅವರು 2023ರ ಜನವರಿ 2ರಂದು ಅಗಲಿದ ಮೇಲೆ ಅಪ್ಪನಿಗೆ ಉಳಿದದ್ದು ಆ ದನಿಯೊಂದೇ. ಮಾತು ಅರ್ಧಕ್ಕೆ ನಿಂತರೆ ಮುಖ ಸಣ್ಣದಾಗುತ್ತಿತ್ತು.

ಮಲ್ಟಿಮೀಟರ್ ಹಿಡಿದು ಕೂತೆ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 14 ವೋಲ್ಟ್. ಸೌಂಡ್ ಹೆಚ್ಚಿಸಿದರೆ ಆಂಪ್ಲಿಫೈಯರಿನ ಹತ್ತಿರ ಬರೀ 10. ಫ್ಯೂಸ್ ಸರಿ, ಪ್ಲಸ್ ವೈರೂ ಸರಿ. ಬ್ಯಾಟರಿಯ ಮೈನಸ್‌ನಿಂದ ಆಂಪ್ಲಿಫೈಯರಿನ ಮೈನಸ್‌ಗೆ ಅಳೆದರೆ ಸುಮಾರು 4 ವೋಲ್ಟ್! ಅಲ್ಲಿ ಅರ್ಧ ವೋಲ್ಟೂ ಇರಬಾರದು. ಅರ್ಥಿಂಗ್ ಬೋಲ್ಟನ್ನು ಬಾಡಿಯ ಬಣ್ಣದ ಮೇಲೇ ಬಿಗಿದಿದ್ದರು, ಪುಣ್ಯಾತ್ಮರು. ವೋಲ್ಟೇಜ್ ಇಳಿದಾಗ ಆಂಪ್ಲಿಫೈಯರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗುತ್ತಿತ್ತು, ಅಷ್ಟೇ.

ಉಪ್ಪುಕಾಗದದಿಂದ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಹೊಸ ರಿಂಗ್ ಟರ್ಮಿನಲ್ ಬಿಗಿದೆ. ಖರ್ಚು 20 ರೂಪಾಯಿ.

ಮರುದಿನ ತಿಕೋಟಾ ರಸ್ತೆಯಲ್ಲಿ ಬೇಕಂತಲೇ ತಗ್ಗು ಹುಡುಕಿ ಓಡಿಸಿದೆ. ದೀಪ ಹಸಿರೇ. "ಸಾವಕಾಶ ಹೊಡಿಯೋ ತಮ್ಮಾ, ಕೇಳಾಕ ಬಿಡು" ಅಂದರು ಅಪ್ಪ.