‘ಆದರೂ’ ಹೇಳುವ ಅನುಮಾನ

ಇಂಗ್ಲಿಷಿನ ‘ಆಲ್‌ಬೀಇಟ್’ ಹಳೆಯ ಕೋಟು ತೊಟ್ಟ ಹಿರಿಯರಂಥ ಪದ. ಮಾತಿನಲ್ಲಿ ಅಪರೂಪ, ಕೋರ್ಟಿನ ತೀರ್ಪು, ಪತ್ರಿಕೆಯ ಸಂಪಾದಕೀಯಗಳಲ್ಲಿ ಆಗಾಗ ಎದುರಾಗುತ್ತದೆ. ಬಿಡಿಸಿದರೆ ಒಳಗಿರುವುದು ಆಲ್, ಬಿ, ಇಟ್ ಎಂಬ ಮೂರೇ ಪುಟ್ಟ ಪದಗಳು. ‘ಅದು ಹಾಗೇ ಇದ್ದರೂ’ ಎಂದು ಅರ್ಥ. 14ನೇ ಶತಮಾನದ ಚಾಸರ್ ಕವಿಯ ಕಾಲಕ್ಕಾಗಲೇ ಅದು ಬಳಕೆಯಲ್ಲಿತ್ತು.

ನಮ್ಮ ‘ಆದರೂ’ ಕೂಡ ಹೀಗೇ ಹುಟ್ಟಿದ್ದು. ಅವರಲ್ಲಿ ‘ಇರು’ ಎಂಬ ಕ್ರಿಯಾಪದ, ನಮ್ಮಲ್ಲಿ ‘ಆಗು’. ಹಳಗನ್ನಡದ ‘ಆದೊಡೆ’ ವಚನಗಳಲ್ಲಿ ‘ಆದಡೆ’ಯಾಗಿ, ಈಗ ‘ಆದರೆ’ ಆಗಿದೆ. ಅದಕ್ಕೊಂದು ‘ಊ’ ಸೇರಿಸಿದರೆ ‘ಆದರೂ’. ಸಂಸ್ಕೃತದ ‘ಯದ್ಯಪಿ’ಯೂ ‘ಯದಿ’ಗೆ ‘ಅಪಿ’ ಸೇರಿ ಆದದ್ದೇ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ನಮ್ಮ ಬೀದಿಯಲ್ಲೊಬ್ಬ ಹುಡುಗಿ ಕಾನೂನು ಓದುತ್ತಾಳೆ. ಅವರ ಮನೆಯಿಂದ ಕಾಲೇಜಿಗೆ ಹೋದ ಮೊದಲಿಗಳು. ತರಗತಿಯಲ್ಲಿ ಈ ಪದವನ್ನು ‘ಆಲ್ಬೀಟ್’ ಎಂದು ಓದಿದಾಗ ಎಲ್ಲರೂ ನಕ್ಕರಂತೆ. ನಾನು ಪದ ಬಿಡಿಸಿ ತೋರಿಸಿದೆ.

“ಇಷ್ಟೇನಾ ಆಂಟಿ? ಇದು ನಮ್ಮವ್ವ ದಿನಾ ಅನ್ನೋ ‘ಆದ್ರೂ’ ಅಲ್ವಾ!” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಕ್ಕಿದ್ದಕ್ಕೆ ಬೇಜಾರಿಲ್ಲ. ಆಮೇಲೆ ಸರ್, ‘ಕನ್ನಡ ಮೀಡಿಯಂ ಆದ್ರೂ ಚೆನ್ನಾಗಿ ಓದ್ತಾಳೆ’ ಅಂದ್ರು. ಅದು ಚುಚ್ಚಿತು” ಎಂದಳು.

ಅವರು ಹೊಗಳಿದ್ದರು. ಚುಚ್ಚಿದ್ದು ‘ಆದ್ರೂ’. ಈ ಪದ ಎರಡು ಸಂಗತಿಗಳನ್ನು ಜೋಡಿಸುವಾಗಲೇ, ಇವೆರಡೂ ಸಾಮಾನ್ಯವಾಗಿ ಒಟ್ಟಿಗಿರುವುದಿಲ್ಲ ಎಂಬ ನಂಬಿಕೆಯನ್ನೂ ಸದ್ದಿಲ್ಲದೆ ಹೇಳಿಬಿಡುತ್ತದೆ. ‘ಮಳೆ ಬಂದರೂ ಬಸ್ಸು ಹೊರಟಿತು’ ಎಂದರೆ ಯಾರಿಗೂ ನೋವಿಲ್ಲ. ‘ಬಡವನಾದರೂ ಪ್ರಾಮಾಣಿಕ’, ‘ಹೆಣ್ಣಾದರೂ ಧೈರ್ಯವಂತೆ’ ಎಂದಾಗ ಹೊಗಳಿಕೆ ಒಬ್ಬರಿಗೆ, ಅನುಮಾನ ಅವರ ಜೊತೆಯವರಿಗೆಲ್ಲ. ‘ಆಲ್‌ಬೀಇಟ್’ ಎಂದು ಇಂಗ್ಲಿಷಿನಲ್ಲಿ ಹೇಳಿದರೂ ಅಷ್ಟೇ. ಕೋಟು ಬೇರೆ, ಒಳಗಿನ ಮಾತು ಒಂದೇ.

ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ದೇವರಾಜ ಅರಸರ ಸರ್ಕಾರ 1972ರಲ್ಲಿ ಹಾವನೂರು ಆಯೋಗವನ್ನು ನೇಮಿಸಿತು. ಹಿಂದುಳಿದ ವರ್ಗಗಳ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯಲು ಅದರ ವರದಿ ನೆರವಾಯಿತು. ಬಾಗಿಲು ದಾಟಿ ಒಳಗೆ ಬಂದವರಿಗೆ ಕೊನೆಗೆ ಎದುರಾಗುವ ಹೊಸ್ತಿಲು ಬಹುಶಃ ಈ ‘ಆದರೂ’.

ಪದವನ್ನು ಬಿಡಬೇಕಿಲ್ಲ. ಮನುಷ್ಯರ ಬಗ್ಗೆ ಹೇಳುವಾಗ ಒಮ್ಮೆ ತೆಗೆದು ನೋಡಿದರೆ ಸಾಕು: ‘ಕನ್ನಡ ಮೀಡಿಯಂನವಳು, ಚೆನ್ನಾಗಿ ಓದುತ್ತಾಳೆ.’ ಹೊಗಳಿಕೆ ಉಳಿಯಿತು, ಅನುಮಾನ ಹೋಯಿತು.