ನಾಶಿಕದ ವೈನು, ವಿಜಯಪುರದ ಒಣದ್ರಾಕ್ಷಿ

ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿರುವ ನಮಗೆ ನಾಶಿಕ ಎಂದರೆ ಪಂಚವಟಿ, ತ್ರ್ಯಂಬಕೇಶ್ವರ. ಕಲ್ಯಾಣದಿಂದ ರೈಲಿನಲ್ಲಿ ಸುಮಾರು 130 ಕಿ.ಮೀ. ದೂರದ ಈ ಊರು ದೇಶದ ಅತಿ ದೊಡ್ಡ ವೈನ್ ಸೀಮೆಯೂ ಹೌದು. ರುಚಿ ನೋಡಿದ ಮೇಲೆ ಕಸಾರಾ ಘಾಟಿನಲ್ಲಿ ಕಾರು ಓಡಿಸುವಂತಿಲ್ಲ. ಹಾಗಾಗಿ ಬೆಳಗಿನ ತಪೋವನ ಎಕ್ಸ್‌ಪ್ರೆಸ್ಸೇ ಒಳ್ಳೆಯದು.

ಘಾಟು ಏರಿದರೆ ಮುಂಬೈಯ ಬೆವರು ಕೆಳಗೇ ಉಳಿಯುತ್ತದೆ. ಸುಮಾರು 600 ಮೀಟರ್ ಎತ್ತರ, ಚಳಿಗಾಲದ ತಂಪು ರಾತ್ರಿ, ಗಂಗಾಪುರ ಜಲಾಶಯದ ನೀರು ದ್ರಾಕ್ಷಿಗೆ ಒಗ್ಗಿವೆ. ರಾಜೀವ್ ಸಾಮಂತ್ ಅವರ ಸುಲಾ ಇಲ್ಲಿ ಮೊದಲ ವೈನು ತೆಗೆದದ್ದು 2000ದಲ್ಲಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ನೀತಿ ತಂದಿತು. ಈಗ ಯಾರ್ಕ್, ಸೋಮ ಮುಂತಾದವೂ ಹತ್ತಿರದಲ್ಲೇ ಇವೆ. ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಕೊಯ್ಲು ನೋಡಬಹುದು.

ನಮ್ಮ ಊಟಕ್ಕೆ ಯಾವ ವೈನು? ಸೊವಿನ್ಯೋಂ ಬ್ಲಾಂಕ್‌ನಲ್ಲಿ ಹುಳಿ, ಹಸಿರೆಲೆಯ ವಾಸನೆ ಇರುತ್ತದೆ. ನಿಂಬೆ ಹಿಂಡಿದ ಕೋಸಂಬರಿಗೆ, ಇಲ್ಲಿಯ ಕೋಥಿಂಬೀರ್ ವಡಿಗೆ ಹೊಂದುತ್ತದೆ. ಮಿರ್ಚಿ ಭಜಿಗೆ ತುಸು ಸಿಹಿ ಇರುವ ಶೆನಿನ್ ಬ್ಲಾಂಕ್ ಒಳ್ಳೆಯದು, ಸಿಹಿ ಖಾರವನ್ನು ತಣಿಸುತ್ತದೆ. ಶಿರಾಜ್‌ನಂಥ ಕೆಂಪು ವೈನಿನ ಒಗರು ಖಾರದ ಜೊತೆ ಇನ್ನಷ್ಟು ಉರಿಯುತ್ತದೆ. ಶೇಂಗಾ, ಎಳ್ಳು ಹಾಕಿದ ಎಣ್ಣೆಗಾಯಿಗೆ ಖಾರ ಕಡಿಮೆ ಮಾಡಿದರೆ ಮಾತ್ರ ಅದು ಸೇರುತ್ತದೆ. ತಡವಾಗಿ ಕೊಯ್ದ ಶೆನಿನ್‌ನ ಸಿಹಿ ವೈನಿಗೆ ಹೋಳಿಗೆ ಇದ್ದರೆ ಸಾಕು.

ನಾನು ವಿಜಯಪುರದ ಕಡೆಯವನು. ಹೀಗಾಗಿ ಗ್ಲಾಸಿಗಿಂತ ತೋಟದ ಮೇಲೆಯೇ ನನ್ನ ಕಣ್ಣು ಹೆಚ್ಚು. ಚಪ್ಪರ, ಹನಿ ನೀರಾವರಿ, ವರ್ಷಕ್ಕೆರಡು ಚಾಟ್ನಿ ನಮ್ಮ ತಿಕೋಟಾ, ಬಬಲೇಶ್ವರದಲ್ಲೂ ಇವೆ. ತಳಿ ಬೇರೆ. ನಮ್ಮದು ಹೆಚ್ಚಾಗಿ ಬೀಜವಿಲ್ಲದ ಥಾಮ್ಸನ್ ಮತ್ತು ಅದರ ಬಳಗ. ಗೊಂಚಲನ್ನು ಡಿಪ್ಪಿಂಗ್ ಆಯಿಲ್, ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಎರಡು ವಾರ ಹರಡಿದರೆ ಒಣದ್ರಾಕ್ಷಿ. ಅದರಲ್ಲಿ ಬಹುಪಾಲು ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ.

"ನಮ್ಮಲ್ಲೂ ವೈನು ಮಾಡಿದರೆ ರೈತ ಉದ್ಧಾರ ಆಗ್ತಾನೆ" ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಹೇಳುತ್ತಾರೆ. ಕರ್ನಾಟಕವೂ 2007ರಲ್ಲಿ ವೈನ್ ನೀತಿ ತಂದಿದೆ. ನಂದಿ ಬೆಟ್ಟದ ಬದಿಯ ಗ್ರೋವರ್ ಅದಕ್ಕೂ ಹಳೆಯದು. ಆದರೆ ವೈನ್ ದ್ರಾಕ್ಷಿ ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಕೊಯ್ದ ಕೂಡಲೇ ವೈನರಿ ಸೇರಬೇಕು. ಕರಾರಿನ ದರ ಸಿಕ್ಕರೆ ನೆಮ್ಮದಿ. ಕೊಳ್ಳುವವನು ಕೈಬಿಟ್ಟರೆ ಹಣ್ಣು ಮಣ್ಣುಪಾಲು. 2008ರ ಆರ್ಥಿಕ ಕುಸಿತ, ಮುಂಬೈ ದಾಳಿಯ ನಂತರ ವೈನ್ ಮಾರಾಟ ಇಳಿದಾಗ ನಾಶಿಕದ ಎಷ್ಟೋ ರೈತರು ವೈನ್ ಬಳ್ಳಿ ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದ್ದರು.

ಒಣದ್ರಾಕ್ಷಿಗೂ ದರ ಬೀಳುತ್ತದೆ, ಶೆಡ್ಡಿನಲ್ಲಿರುವಾಗ ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ. ಆದರೂ ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯಬಹುದು. ಬಾಡಿಗೆ ಕೊಡಬೇಕು, ಸಾಲದ ಬಡ್ಡಿಯೂ ಓಡುತ್ತಿರುತ್ತದೆ ಎನ್ನುವುದು ನಿಜ. ಆದರೆ ಮಾಲು ತನ್ನದೇ ಕೈಯಲ್ಲಿರುತ್ತದೆ. ವೈನಿನಲ್ಲಿ ವರ್ಷಗಟ್ಟಲೆ ಕಾಯುವ ಲಾಭ ಬಾಟಲಿಯವನದು, ಬೆಳೆದವನದಲ್ಲ.

ನಾಶಿಕಕ್ಕೆ ಖಂಡಿತ ಹೋಗಿಬನ್ನಿ. ರುಚಿ ತೋರಿಸುವವರನ್ನು ದ್ರಾಕ್ಷಿ ತಳಿಯ ಜೊತೆ ಇನ್ನೊಂದನ್ನೂ ಕೇಳಿ: ಇದು ಸ್ವಂತ ತೋಟದ್ದೋ, ಕರಾರಿನ ರೈತನದ್ದೋ, ಕರಾರು ಎಷ್ಟು ವರ್ಷದ್ದು? ವಿಜಯಪುರದಲ್ಲಿ ಥಾಮ್ಸನ್ ಕಿತ್ತು ಶಿರಾಜ್ ನೆಡಲು ಹೊರಟವರೂ ಮೊದಲು ಕೇಳಬೇಕಾದದ್ದು ಇದನ್ನೇ.